ಬೀಗ ಹಾಕಿದ ಪೆಟ್ಟಿಗೆ ನನಗೆ ಬೇಡ



ಕಳೆದ ದೀಪಾವಳಿಗೆ ನನ್ನ ಅಣ್ಣನ ಮಗ ಬೆಂಗಳೂರಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಕಳುಹಿಸಿದ್ದ. ಒಳಗೆ ಚಂದಾ ಸೇವೆಯೊಂದರ ಹೊಸ ಸೆಟ್ ಟಾಪ್ ಬಾಕ್ಸ್. ಜೊತೆಗೆ ಒಂದು ವರ್ಷದ ಚಂದಾ ಮೊದಲೇ ಕಟ್ಟಿದ ರಸೀತಿ. "ಚಿಕ್ಕಪ್ಪ, ಇದರಲ್ಲಿ ರೆಕಾರ್ಡಿಂಗೂ ಆಗುತ್ತೆ. ಆ ಹಳೇ ಡಿಶ್ಶು, ಪೆನ್ ಡ್ರೈವು ಎಲ್ಲ ಇನ್ನಾದ್ರೂ ಬಿಡಿ" ಎಂದು ಫೋನಿನಲ್ಲಿ ಹೇಳಿದ. ಅವನ ಪ್ರೀತಿಗೆ ಮನಸಾರೆ ಹರಸಿ, ಪೆಟ್ಟಿಗೆಯನ್ನು ಮತ್ತೆ ಜಾಗರೂಕತೆಯಿಂದ ಮುಚ್ಚಿ ಹಿಂದಿರುಗಿಸಿದೆ. ಅಂದಿನಿಂದ ಬಂಧುವರ್ಗದಲ್ಲಿ ನನ್ನ ಹಠಮಾರಿತನ ಚರ್ಚೆಯ ವಿಷಯವಾಗಿದೆಯೆಂದು ಕೇಳಿದ್ದೇನೆ. "ವಯಸ್ಸಾದ ಮೇಲೆ ಮೇಷ್ಟರಿಗೆ ಜಿಪುಣತನ ಹೆಚ್ಚಿತು" ಎಂದು ನನ್ನ ಶಿಷ್ಯನೊಬ್ಬ ನಗುತ್ತಾ ಆಡಿದ ಮಾತೂ ಸುತ್ತಿ ಬಳಸಿ ನನ್ನ ಕಿವಿಗೆ ಬಿದ್ದಿದೆ. ಜಿಪುಣತನದ ಆರೋಪವನ್ನು ನಾನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಆದರೆ ಆ ಪೆಟ್ಟಿಗೆಯನ್ನು ಹಿಂದಿರುಗಿಸಿದ ಕಾರಣ ಬೇರೆಯೇ ಇದೆ. ಅದನ್ನು ಒಮ್ಮೆ ವಿವರವಾಗಿ ಬರೆದುಬಿಟ್ಟರೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಶ್ರಮ ತಪ್ಪೀತೆಂದು ಇಂದು ಕೂತಿದ್ದೇನೆ.

ಮೊದಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ೧೯೭೫ರಲ್ಲಿ ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು. ಮಲೆನಾಡಿನ ಹುಡುಗನಿಗೆ ಆ ಬಿಸಿಲು, ಆ ಭಾಷೆ, ಆ ಜೋಳದ ರೊಟ್ಟಿ ಎಲ್ಲವೂ ಹೊಸತು. ಆ ವರ್ಷದ ಆಗಸ್ಟ್ ೧ರಂದು 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಅಮೆರಿಕದವರು ತಮ್ಮ ಎಟಿಎಸ್-೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟಿದ್ದರು. ನಮ್ಮ ಇಸ್ರೋದವರು ಅದರ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ನೇರವಾಗಿ ತಲುಪಿಸಿದರು. ಕರ್ನಾಟಕದಲ್ಲಿ ಆ ಭಾಗ್ಯ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಬಂದಿತ್ತು. ಬೆಂಗಳೂರಿನಲ್ಲಿ ಇನ್ನೂ ದೂರದರ್ಶನ ಕೇಂದ್ರವಿರದಿದ್ದ ಕಾಲವದು! ಹತ್ತು ಅಡಿ ಅಗಲದ, ಕೋಳಿಗೂಡಿನ ಜಾಲರಿಯಂತಹ ತಂತಿಬಲೆಯಿಂದ ಮಾಡಿದ ಛತ್ರಿ. ಮರದ ಪೆಟ್ಟಿಗೆಯೊಳಗಿನ ಕಪ್ಪು-ಬಿಳುಪು ಟಿ.ವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆಂದು ಕನ್ನಡದಲ್ಲಿ ಸುಮಾರು ಇಪ್ಪತ್ತೆರಡು ನಿಮಿಷಗಳ ಕಾರ್ಯಕ್ರಮ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ನಾಟಕ, ಹಾಡು.

ಒಂದು ಬೆಳಿಗ್ಗೆ ಬೀಜವೊಂದು ಮೊಳೆತು ಮೇಲೇಳುವ ದೃಶ್ಯ ಬಂತು. ಒಂದು ವಾರದ ಬೆಳವಣಿಗೆ ಕಣ್ಣೆದುರು ಕೆಲವೇ ಕ್ಷಣಗಳಲ್ಲಿ ನಡೆದುಹೋಯಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಮುಗಿಯುತ್ತಲೇ ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು "ಸರ್ರ, ಇನ್ನೊಮ್ಮೆ ತೋರಸ್ರಿ" ಎಂದಳು. ನಾನೇನು ಮಾಡಲಿ? ಆಕಾಶದಿಂದ ಬಂದದ್ದು ಬಂದ ಹಾಗೆಯೇ ಹೋಗಿತ್ತು. "ಇಲ್ಲವ್ವಾ, ಅದು ಒಮ್ಮೆಯೇ ಬರುವುದು" ಎಂದೆ. ಅವಳಿಗೆ ನನ್ನ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಮೇಷ್ಟ್ರು ಮನಸ್ಸು ಮಾಡಿದರೆ ತೋರಿಸಬಹುದು, ಬೇಕೆಂದೇ ತೋರಿಸುತ್ತಿಲ್ಲ ಎಂಬ ಮುನಿಸು ಅವಳ ಮುಖದಲ್ಲಿತ್ತು. ೧೯೭೬ರ ಜುಲೈ ೩೧ರಂದು ಪ್ರಯೋಗ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಪಡೆದರು. ಆ ಹುಡುಗಿಗೆ ಈಗ ಮೊಮ್ಮಕ್ಕಳಿರಬಹುದು. ಅವಳ ಆ ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ.

ಇನ್ನು ನನ್ನ ಮನೆಯ ಕಥೆಗೆ ಬರುತ್ತೇನೆ. ನಿವೃತ್ತನಾದ ಮರುವರ್ಷ, ೨೦೧೧ರಲ್ಲಿ, ನಾನೂ ಎಲ್ಲರಂತೆ ಚಂದಾ ಕಂಪನಿಯೊಂದರ ರೆಕಾರ್ಡರ್ ಪೆಟ್ಟಿಗೆಯನ್ನು ಕೊಂಡೆ. ಕಂಪನಿಯ ಹೆಸರು ಇಲ್ಲಿ ಬೇಡ. ಒಳಗೆ ಹಾರ್ಡ್ ಡಿಸ್ಕ್ ಇತ್ತು. ಗುಂಡಿ ಒತ್ತಿದರೆ ಕಾರ್ಯಕ್ರಮ ಮುದ್ರಿತವಾಗುತ್ತಿತ್ತು. ಬೇಕಾದಾಗ ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡಬಹುದಿತ್ತು. ರಾಯಚೂರಿನ ಆ ಹುಡುಗಿಗೆ ಕೊನೆಗೂ ಉತ್ತರ ಸಿಕ್ಕಿತೆಂದು ನಾನು ಸಂತೋಷಪಟ್ಟೆ. ೨೦೧೪ರಲ್ಲಿ ಚಂದನ ವಾಹಿನಿಯ ಜಾನಪದ ಕಾರ್ಯಕ್ರಮವೊಂದರಲ್ಲಿ ನಮ್ಮ ಊರಿನ ಹೆಂಗಸರ ತಂಡ ಸೋಬಾನೆ ಪದಗಳನ್ನು ಹಾಡಿದ್ದು ಬಂಧುಗಳಿಗೆಲ್ಲ ನೆನಪಿರಬಹುದು. ತಂಡದ ನಡುವೆ ಕೂತು ಮೊದಲ ಸೊಲ್ಲು ಎತ್ತಿಕೊಟ್ಟವಳು ನಮ್ಮ ದೊಡ್ಡಕ್ಕ. ನಡುವೆ ಮೂರು ನಿಮಿಷ ಅವಳೊಬ್ಬಳೇ ಹಾಡಿದ ಪದವೊಂದಿತ್ತು. ನಮ್ಮ ಅಜ್ಜಿಯಿಂದ ಅವಳಿಗೆ ಬಂದದ್ದು. ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ, ಯಾವ ಪುಸ್ತಕದಲ್ಲೂ ಕಂಡಿಲ್ಲ. ಅದು ಪೆಟ್ಟಿಗೆಯಲ್ಲಿ ಭದ್ರವಾಗಿದೆಯೆಂದು ಬರೆದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಮೇಷ್ಟರಾಗಿ ಇಂಥ ಸೋಮಾರಿತನ ಮಾಡಿದ್ದಕ್ಕೆ ನನ್ನನ್ನು ನಾನೇ ಬೈದುಕೊಳ್ಳಬೇಕು.

೨೦೧೭ರಲ್ಲಿ ಅಕ್ಕ ತೀರಿಕೊಂಡಳು. ಮರುವರ್ಷ ಮಳೆಗಾಲದಲ್ಲಿ ನಾವು ನಾಲ್ಕು ತಿಂಗಳು ಮಗಳ ಮನೆಯಲ್ಲಿದ್ದೆವು. ಇಲ್ಲದ ಮನೆಗೆ ಚಂದಾ ಏಕೆಂದು ಕಟ್ಟಲಿಲ್ಲ. ಹಿಂದಿರುಗಿ ಬಂದು ಪೆಟ್ಟಿಗೆಯನ್ನು ಹಚ್ಚಿದರೆ, ಹೊಸ ಕಾರ್ಯಕ್ರಮ ಹಾಗಿರಲಿ, ನಾನೇ ಮುದ್ರಿಸಿಟ್ಟ ಹಳೆಯವೂ ತೆರೆಯಲಿಲ್ಲ. ಪರದೆಯ ಮೇಲೆ 'ರೀಚಾರ್ಜ್ ಮಾಡಿ' ಎಂಬ ಸೂಚನೆ. ಸರಿ, ಮಾಡೋಣವೆಂದುಕೊಂಡೆ. ಆ ವಾರವೇ ಹಿಂಗಾರಿನ ಗುಡುಗು ಮಿಂಚಿಗೆ ಪೆಟ್ಟಿಗೆ ಸುಟ್ಟುಹೋಯಿತು. ೨೦೧೯ರ ಬೇಸಗೆಯಲ್ಲಿ ಅಕ್ಕನ ಮೊಮ್ಮಗಳ ಮದುವೆ. ಮಂಟಪದಲ್ಲಿ ಅಜ್ಜಿಯ ಸೋಬಾನೆಯನ್ನೇ ಹಾಕಬೇಕೆಂದು ಆ ಮಗುವಿಗೆ ಆಸೆ. ಪೆಟ್ಟಿಗೆ ಸುಟ್ಟರೂ ಒಳಗಿನ ಡಿಸ್ಕಿಗೆ ಏನೂ ಆಗಿಲ್ಲವೆಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ನನ್ನ ಶಿಷ್ಯ ಪರೀಕ್ಷಿಸಿ ಹೇಳಿದ. "ಫೈಲುಗಳು ಇವೆ ಸಾರ್, ಆದರೆ ಬೀಗ ಹಾಕಿವೆ. ಈ ಬೀಗದ ಕೀಲಿ ಆ ಸುಟ್ಟ ಪೆಟ್ಟಿಗೆಯಲ್ಲೂ ಕಾರ್ಡಿನಲ್ಲೂ ಇತ್ತು. ನನ್ನಿಂದ ಆಗುವುದಿಲ್ಲ" ಎಂದು ಕೈಚೆಲ್ಲಿದ. ಕಂಪನಿಯವರನ್ನು ಕೇಳಿದರೆ ಹೊಸ ಪೆಟ್ಟಿಗೆ ಕೊಡುತ್ತೇವೆ ಎಂದರು. ಹಳೆಯ ಡಿಸ್ಕು ಅದರಲ್ಲಿ ಓಡುವುದಿಲ್ಲ ಎಂದೂ ಸೇರಿಸಿದರು. ಮದುವೆಯಲ್ಲಿ ಬೇರೆ ಯಾವುದೋ ಕ್ಯಾಸೆಟ್ಟಿನ ಹಾಡು ಹಾಕಿದೆವು. ಆ ಡಿಸ್ಕು ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಈ ಪ್ರಸಂಗದಲ್ಲಿ ನನ್ನನ್ನು ಕೆರಳಿಸುವ ಅಂಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಂದಾ ವಾಹಿನಿಗಳನ್ನು ಕಂಪನಿ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಹಣ ಕೊಟ್ಟವನಿಗೆ ಮಾತ್ರ ಕೀಲಿ. ವ್ಯಾಪಾರಿಗೆ ಆ ಹಕ್ಕಿದೆ, ನನ್ನ ತಕರಾರಿಲ್ಲ. ಆದರೆ ಚಂದನ ಯಾರ ಚಂದಾ ವಾಹಿನಿಯೂ ಅಲ್ಲ. ಅದು ಸಾರ್ವಜನಿಕ ಪ್ರಸಾರ ಸಂಸ್ಥೆಯದು. ನಮ್ಮ ನಿಮ್ಮ ತೆರಿಗೆಯ ಹಣದಿಂದ ನಡೆಯುವಂಥದು. ಡಿಡಿ ಫ್ರೀ ಡಿಶ್‌ನಲ್ಲಿ ಬಿಡಿಗಾಸಿಲ್ಲದೆ ಯಾರು ಬೇಕಾದರೂ ನೋಡಬಹುದಾದ ವಾಹಿನಿ. ಅದೇ ಚಂದನ ಚಂದಾ ಕಂಪನಿಯ ಪೆಟ್ಟಿಗೆಯ ಮೂಲಕ ನನ್ನ ಮನೆಗೆ ಬಂದು ಡಿಸ್ಕಿನಲ್ಲಿ ಕೂತದ್ದೇ ತಡ, ಕಂಪನಿಯ ಬೀಗದ ಹಿಂದೆ ಸೇರಿಹೋಯಿತು. ಊರ ಕೆರೆಯ ನೀರನ್ನು ನಮ್ಮದೇ ಕೊಡದಲ್ಲಿ ತುಂಬಿ ತಂದು, ಕೊಡಕ್ಕೆ ಬೇರೆಯವರ ಬೀಗ ಹಾಕಿಸಿಕೊಂಡಂತಾಯಿತು. ಹಾಕಿಸಿಕೊಂಡದ್ದಕ್ಕೆ ತಿಂಗಳಿಗೆ ಮುನ್ನೂರೈವತ್ತು ರೂಪಾಯಿ! ಸುಮಾರು ಏಳು ವರ್ಷ ಕಟ್ಟಿದ್ದೇನೆ. ೩೫೦ನ್ನು ೮೪ರಿಂದ ಗುಣಿಸಿದರೆ ೨೯,೪೦೦. ಗಣಿತದಲ್ಲಿ ನಪಾಸಾದವನಿಗೂ ಇದು ಅರ್ಥವಾಗಬೇಕು.

ಉಚಿತ ಉಪಗ್ರಹ ಪ್ರಸಾರದ ಬಗ್ಗೆ ನಮ್ಮ ಓದಿದ ಜನರಲ್ಲಿರುವ ತಾತ್ಸಾರವನ್ನು ಕಂಡರೆ ನನಗೆ ಆಶ್ಚರ್ಯ. ೨೦೦೪ರ ಡಿಸೆಂಬರ್‌ನಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಅವರು 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಲ್ಲಿ ಇದನ್ನು ಉದ್ಘಾಟಿಸಿದಾಗ ಇದ್ದದ್ದು ೩೩ ವಾಹಿನಿಗಳು. ಮುಂದೆ ಹೆಸರು ಫ್ರೀ ಡಿಶ್ ಎಂದಾಯಿತು, ವಾಹಿನಿಗಳೂ ಹೆಚ್ಚಿದವು, ಆಕಾಶವಾಣಿಯ ಕೇಂದ್ರಗಳೂ ಸೇರಿದವು. ಡಿಶ್ಶಿಗೂ ಪೆಟ್ಟಿಗೆಗೂ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು, ಮಾಸಿಕ ಚಂದಾ ಇಲ್ಲ. ಇದನ್ನು 'ಬಡವರ ಡಿಶ್' ಎಂದು ಮೂಗು ಮುರಿಯುವವರನ್ನು ನಾನು ಬಲ್ಲೆ. ಅವರಲ್ಲಿ ಕೆಲವರಿಗೆ ನಾನೇ ವಿಜ್ಞಾನ ಪಾಠ ಮಾಡಿದ್ದೇನೆ. ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ನಮ್ಮವರೇ ಕಟ್ಟಿದ ಉಪಗ್ರಹವಿದೆ. ಅಲ್ಲಿಂದ ಬರುವ ಸಂಕೇತಕ್ಕೆ ಸಿರಿವಂತರ ಮಾಳಿಗೆ ಯಾವುದು, ನಮ್ಮ ಹೆಂಚಿನ ಮಾಡು ಯಾವುದು ಎಂಬ ಭೇದ ತಿಳಿಯದು.

ಮದುವೆ ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಹಳೆಯ ಡಿಶ್ಶನ್ನು ತಿರುಗಿಸಿದ್ದು. ಜಿಸ್ಯಾಟ್-೧೫ ಉಪಗ್ರಹ ಪೂರ್ವ ರೇಖಾಂಶ ೯೩.೫ ಡಿಗ್ರಿಯಲ್ಲಿತ್ತು. ನಮ್ಮ ಶಿವಮೊಗ್ಗ ಸೀಮೆಯಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಅರವತ್ತು ಡಿಗ್ರಿಗೂ ಮೇಲೆ. ಅಷ್ಟು ಎತ್ತರದಲ್ಲಿರುವುದರಿಂದ ತೋಟದ ಅಡಿಕೆ ಮರಗಳು ಅಡ್ಡ ಬರಲಿಲ್ಲ. ತಿರುಗಿಸಲು ಬಂದ ಹುಡುಗನಿಗೆ ೨೦೦, ಪೇಟೆಯಲ್ಲಿ ಕೊಂಡ ಪೆಟ್ಟಿಗೆಗೆ ೧,೪೦೦, ೩೨ ಜಿಬಿಯ ಪೆನ್ ಡ್ರೈವಿಗೆ ೪೦೦. ಒಟ್ಟು ಎರಡು ಸಾವಿರ ರೂಪಾಯಿ. ಅಂದಿನಿಂದ ಇಂದಿನವರೆಗೆ ರೀಚಾರ್ಜಿಗೆಂದು ಒಂದು ಪೈಸೆ ಕೊಟ್ಟಿಲ್ಲ.

ಆದರೆ ಆ ೧,೪೦೦ ರೂಪಾಯಿಯ ಪೆಟ್ಟಿಗೆಯನ್ನು ಆರಿಸಲು ನಾನು ಮೂರು ಅಂಗಡಿ ಸುತ್ತಿದೆ, ಮೂರು ಕಡೆಯೂ ಜಗಳವಾಡಿದೆ. ಉಚಿತ ಪ್ರಸಾರದ ಹೆಸರಿನಲ್ಲಿ ಮಾರುವವರೆಲ್ಲ ಸತ್ಯಹರಿಶ್ಚಂದ್ರರೆಂದು ಭಾವಿಸಬೇಡಿ. ಡಬ್ಬಿಯ ಮೇಲೆ 'ಪಿವಿಆರ್ ರೆಡಿ', 'ಯುಎಸ್‌ಬಿ ರೆಕಾರ್ಡಿಂಗ್' ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. 'ರೆಡಿ' ಎಂದರೆ ಪೆಟ್ಟಿಗೆಯಲ್ಲಿ ಮುದ್ರಿಸಿಡುವ ಜಾಗವಿಲ್ಲ, ನೀವೇ ತಂದು ಚುಚ್ಚಬೇಕು ಎಂದರ್ಥ. ಅದು ತಪ್ಪಲ್ಲ, ಹೇಳಿದರೆ ಸಾಕು. ಮೊದಲ ಅಂಗಡಿಯ ಪೆಟ್ಟಿಗೆಯಲ್ಲಿ ಯುಎಸ್‌ಬಿ ಕಿಂಡಿಯೇನೋ ಇತ್ತು, ಸಿನಿಮಾ ಹಾಡು ಓಡಿಸುವುದಕ್ಕೆ ಮಾತ್ರ. ಅದರಲ್ಲಿ ಮುದ್ರಣವೇ ಆಗುತ್ತಿರಲಿಲ್ಲ. ಎರಡನೆಯ ಅಂಗಡಿಯವನು ಎಂಪೆಗ್-೨ ಮಾತ್ರ ತಿಳಿಯುವ ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡಲು ನೋಡಿದ. ಅಂಥ ಪೆಟ್ಟಿಗೆಗೆ ಎಂಪೆಗ್-೪ರಲ್ಲಿ ಬರುವ ವಾಹಿನಿಗಳು ಕಾಣುವುದೇ ಇಲ್ಲ. ಇನ್ನೂರು ರೂಪಾಯಿ ಉಳಿಸಲು ಹೋಗಿ ಅರ್ಧ ಕುರುಡಾದ ಪೆಟ್ಟಿಗೆಯನ್ನು ಮನೆಗೆ ತರಬೇಡಿ; ಎಂಪೆಗ್-೪ ಮತ್ತು ಎಚ್‌ಡಿ ಎರಡನ್ನೂ ಬಲ್ಲದ್ದನ್ನೇ ಕೇಳಿ.

ಮೂರನೆಯ ಅಂಗಡಿಯಲ್ಲಿ ನಾನು ಒಂದೇ ಒಂದು ಪರೀಕ್ಷೆ ಮಾಡಿದೆ. ನೀವೂ ಅದನ್ನೇ ಮಾಡಿರೆಂದು ಈ ಲೇಖನದ ಮೂಲಕ ಒತ್ತಾಯಿಸುತ್ತೇನೆ. ಜೇಬಿನಲ್ಲಿ ಪೆನ್ ಡ್ರೈವ್ ಇಟ್ಟುಕೊಂಡೇ ಹೋಗಿ. ಅಂಗಡಿಯ ಡಿಶ್ಶಿಗೆ ಪೆಟ್ಟಿಗೆಯನ್ನು ಜೋಡಿಸಿ, ಚಂದನವನ್ನೋ ಮತ್ತೊಂದನ್ನೋ ಹತ್ತು ನಿಮಿಷ ಮುದ್ರಿಸಿ. ನಂತರ ಪೆನ್ ಡ್ರೈವನ್ನು ಕಿತ್ತು ಅಂಗಡಿಯ ಕಂಪ್ಯೂಟರಿಗೋ ಬೇರೆ ಕಂಪನಿಯ ಟಿ.ವಿ.ಗೋ ಚುಚ್ಚಿ. ಅಲ್ಲಿ ಓಡಿದರೆ ಹಣ ಕೊಡಿ. ಓಡದಿದ್ದರೆ ಕೈಮುಗಿದು ಹೊರಡಿ. ಅಂಗಡಿಯವನು ಗೊಣಗುತ್ತಾನೆ. ನನ್ನ ಅಂಗಡಿಯವನೂ ಗೊಣಗಿದ, "ಸಾವಿರದ ನಾನೂರರ ಮಾಲಿಗೆ ಇಷ್ಟು ಪರೀಕ್ಷೆಯೇ ಯಜಮಾನ್ರೇ?" ಎಂದ. ಮೂವತ್ತೈದು ವರ್ಷ ಮಕ್ಕಳನ್ನು ಪರೀಕ್ಷೆ ಮಾಡಿದವನು ನಾನು, ಒಂದು ತಗಡಿನ ಪೆಟ್ಟಿಗೆಯನ್ನು ಬಿಡುತ್ತೇನೆಯೇ?

ಈ ಪರೀಕ್ಷೆಯನ್ನು ಹೊಸ ಟಿ.ವಿ.ಗಳಿಗೂ ಮಾಡಬೇಕು. ಉಪಗ್ರಹ ಟ್ಯೂನರನ್ನು ಟಿ.ವಿ.ಯೊಳಗೇ ಇಡುವುದಕ್ಕಾಗಿ ಭಾರತೀಯ ಮಾನಕ ಬ್ಯೂರೋ ಐಎಸ್ ೧೮೧೧೨ ಎಂಬ ಮಾನಕವನ್ನೇ ಹೊರತಂದಿದೆ. ಡಿಶ್ಶಿನ ತಂತಿಯನ್ನು ನೇರ ಟಿ.ವಿ.ಗೆ ಸಿಕ್ಕಿಸಬಹುದೆಂಬುದು ಒಳ್ಳೆಯದೇ. ಆದರೆ ಮುದ್ರಣದ ಸೌಲಭ್ಯವಿರುವ ಅನೇಕ ಟಿ.ವಿ.ಗಳು ಪೆನ್ ಡ್ರೈವಿನಲ್ಲಿ ಮುದ್ರಿಸಿದ್ದನ್ನು ತಮಗೆ ಮಾತ್ರ ತಿಳಿಯುವಂತೆ ಬೀಗ ಹಾಕಿಡುತ್ತವೆ. ಆ ಟಿ.ವಿ. ಕೆಟ್ಟ ದಿನ ಮುದ್ರಣವೂ ಸತ್ತಂತೆ. ಚಂದಾ ಇಲ್ಲದ ಬೀಗವೆಂದ ಮಾತ್ರಕ್ಕೆ ಅದು ಬೀಗವಲ್ಲವೇ?

ಬೀಗವಿಲ್ಲದ ಪೆಟ್ಟಿಗೆ ಮಾಡುವ ಕೆಲಸ ಬಹಳ ಸರಳ. ಆಕಾಶದಿಂದ ಚಿತ್ರವೂ ಧ್ವನಿಯೂ ಅಂಕಿಗಳ ರೂಪದಲ್ಲಿ ಬರುತ್ತವೆ. ಪೆಟ್ಟಿಗೆ ಆ ಅಂಕಿಗಳನ್ನು ಬಂದಂತೆಯೇ ಪೆನ್ ಡ್ರೈವಿಗೆ ಬರೆಯುತ್ತದೆ. ಹಳೆಯ ವಿಸಿಆರ್ ಟೇಪಿನಂತೆ ಪ್ರತಿಯಿಂದ ಪ್ರತಿಗೆ ಚಿತ್ರ ಮಸುಕಾಗುವ ಪ್ರಶ್ನೆಯೇ ಇಲ್ಲ. ಸಾಮಾನ್ಯ ವಾಹಿನಿಯೊಂದು ಸೆಕೆಂಡಿಗೆ ಸುಮಾರು ೩ ಮೆಗಾಬಿಟ್ ಕಳುಹಿಸುತ್ತದೆಂದು ಇಟ್ಟುಕೊಳ್ಳಿ. ಗಂಟೆಗೆ ೩,೬೦೦ ಸೆಕೆಂಡು; ಗುಣಿಸಿದರೆ ೧೦,೮೦೦ ಮೆಗಾಬಿಟ್; ಎಂಟರಿಂದ ಭಾಗಿಸಿದರೆ ೧,೩೫೦ ಮೆಗಾಬೈಟ್. ಅಂದರೆ ೩೨ ಜಿಬಿಯ ಪೆನ್ ಡ್ರೈವಿನಲ್ಲಿ ಇಪ್ಪತ್ತಮೂರು ಗಂಟೆಗಳಷ್ಟು ಹಿಡಿಯುತ್ತದೆ. ನಮ್ಮಂಥವರಿಗೆ ಇನ್ನೆಷ್ಟು ಬೇಕು? ಟೆರಾಬೈಟ್ ಡಿಸ್ಕಿನ ಆಸೆಗೆ ಬೀಳಬೇಡಿ. ಸಾಧಾರಣ ಪೆಟ್ಟಿಗೆಯ ಯುಎಸ್‌ಬಿ ಕಿಂಡಿ ದೊಡ್ಡ ಡಿಸ್ಕನ್ನು ತಿರುಗಿಸುವಷ್ಟು ವಿದ್ಯುತ್ತನ್ನು ಕೊಡಲಾರದೆ ನಡುವೆ ಕೈಬಿಡುವುದುಂಟು. ಪೆನ್ ಡ್ರೈವ್ 'ಫ್ಯಾಟ್-೩೨' ರೀತಿಯಲ್ಲಿದ್ದರೆ ೪ ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ನಿಲ್ಲದು. ಆದ್ದರಿಂದ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ನನ್ನ ಪೆಟ್ಟಿಗೆ ತುಂಡು ತುಂಡಾಗಿ ಬರೆಯುತ್ತದೆ. ತುಂಡಾದರೇನು, ಸಾಲಾಗಿ ಓಡುತ್ತವೆ.

ನನ್ನ ಪೆಟ್ಟಿಗೆಯ ದೋಷಗಳನ್ನು ಮುಚ್ಚಿಡುವವನು ನಾನಲ್ಲ. ಅದಕ್ಕೆ ಒಂದೇ ಟ್ಯೂನರ್. ಒಂದು ವಾಹಿನಿಯನ್ನು ಮುದ್ರಿಸುತ್ತಾ ಇನ್ನೆಲ್ಲೋ ಇರುವ ಮತ್ತೊಂದನ್ನು ನೋಡಲಾಗದು. ಎರಡು ಟ್ಯೂನರಿನದು ಬೇಕೆಂದರೆ ಪೆಟ್ಟಿಗೆಯ ಬೆಲೆಯೂ ಏರುತ್ತದೆ. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿಯನ್ನೂ ಬದಲಿಸಿ ಸಾಮಾನ್ಯವಾಗಿ ಎರಡು ತಂತಿ ಎಳೆಯಬೇಕಾಗುತ್ತದೆ. ನಾನು ಆ ಗೋಜಿಗೆ ಹೋಗಿಲ್ಲ. ಟೈಮರ್ ಇಟ್ಟ ಹೊತ್ತಿಗೆ ಕರೆಂಟು ಹೋದರೆ ಮುದ್ರಣವೂ ಹೋಯಿತು. ಯುಪಿಎಸ್‌ಗೆ ಜೋಡಿಸಿದ ಮೇಲೆ ಆ ಕಾಟ ಕಡಿಮೆಯಾಗಿದೆ. ಆಷಾಢದ ಮಳೆ ಜಡಿಯುವಾಗ ಚಿತ್ರ ಚೌಕಚೌಕವಾಗಿ ಒಡೆದು ಮಾಯವಾಗುತ್ತದೆ. ಅದಕ್ಕೆ ಉಚಿತ, ಚಂದಾ ಎಂಬ ಭೇದವಿಲ್ಲ. ಎರಡೂ ಬರುವುದು ಮಳೆಹನಿ ನುಂಗಿಬಿಡುವ ಒಂದೇ ಬಗೆಯ ಅಲೆಗಳಲ್ಲಿ. ಒಮ್ಮೆ 'ಥಟ್ ಅಂತ ಹೇಳಿ' ಕಾರ್ಯಕ್ರಮಕ್ಕೆ ಟೈಮರ್ ಇಡುವಾಗ ರಾತ್ರಿಯ ಬದಲು ಹಗಲಿನ ಗಂಟೆ ಒತ್ತಿ, ನಾ. ಸೋಮೇಶ್ವರರ ಪ್ರಶ್ನೆಗಳಿಗೆ ಬದಲಾಗಿ ಎರೆಗೊಬ್ಬರದ ಬಗ್ಗೆ ಅರ್ಧ ಗಂಟೆಯ ಪಾಠ ಸಿಕ್ಕಿತು. ಅದು ಪೆಟ್ಟಿಗೆಯ ತಪ್ಪಲ್ಲವೆಂದು ಮನೆಯವಳು ಸಾಕ್ಷಿ ನುಡಿಯುತ್ತಾಳೆ.

"ಎಲ್ಲವೂ ಯೂಟ್ಯೂಬಿನಲ್ಲಿ ಸಿಗುತ್ತದೆ ಸಾರ್" ಎಂಬುದು ನನ್ನ ಶಿಷ್ಯರ ಬ್ರಹ್ಮಾಸ್ತ್ರ. ಎಲ್ಲವೂ ಸಿಗುವುದಿಲ್ಲ. ಅಕ್ಕನ ಸೋಬಾನೆಯನ್ನು ನಾನು ಹುಡುಕದ ಮೂಲೆಯಿಲ್ಲ. ಇಂದು ಇದ್ದದ್ದು ನಾಳೆ ಅಲ್ಲಿರುತ್ತದೆಂಬ ಭರವಸೆಯೂ ಇಲ್ಲ. ಪ್ರಸಾರ ಮಾಡಿದವರೇ ಎಲ್ಲವನ್ನೂ ಕಾಪಿಡುತ್ತಾರೆಂದು ನಂಬುವುದಾದರೆ ಬಿಬಿಸಿಯ ಕಥೆ ಕೇಳಿ. ೧೯೬೦-೭೦ರ ದಶಕಗಳಲ್ಲಿ ಅಷ್ಟು ದೊಡ್ಡ ಸಂಸ್ಥೆಯೇ ತನ್ನ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳ ಚಿತ್ರ ಕಳೆದುಹೋಯಿತು. ಧ್ವನಿಯಾದರೂ ಉಳಿದದ್ದು ಮನೆಯಲ್ಲಿ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಹುಡುಗರಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬಾಕೆ, ಗ್ರಂಥಪಾಲಕಿಯಾಗಿದ್ದವರು, ೨೦೧೨ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಮನೆಯಲ್ಲೇ ಟಿ.ವಿ. ಸುದ್ದಿಗಳನ್ನು ಮುದ್ರಿಸಿದರು, ಸುಮಾರು ೭೦,೦೦೦ ಟೇಪುಗಳು! ನೆರೆಯವರು ಅವರನ್ನು ಏನೆಂದು ಕರೆದಿರಬಹುದೆಂದು ನಾನು ಊಹಿಸಬಲ್ಲೆ.

"ಇದು ಕಾನೂನಿಗೆ ವಿರುದ್ಧವಲ್ಲವೇ?" ಎಂದು ವಕೀಲನಾಗಿರುವ ಭಾವಮೈದುನನೇ ಕೇಳಿದ. ಅವನಿಗೆ ನಾನು ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೩೯ನೆಯ ಕಲಮನ್ನು ಓದಿ ಹೇಳಬೇಕಾಯಿತು. ಸ್ವಂತ ಬಳಕೆಗಾಗಿ, ಅಥವಾ ಪ್ರಾಮಾಣಿಕವಾದ ಬೋಧನೆ ಇಲ್ಲವೇ ಸಂಶೋಧನೆಗಾಗಿ ಮಾತ್ರ, ಪ್ರಸಾರವನ್ನು ಧ್ವನಿ ಅಥವಾ ದೃಶ್ಯ ರೂಪದಲ್ಲಿ ಮುದ್ರಿಸಿಕೊಂಡರೆ ಪ್ರಸಾರಕರ ಹಕ್ಕಿಗೆ ಭಂಗವಾಗದು ಎಂಬುದು ಅದರ ತಾತ್ಪರ್ಯ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ೧೯೮೪ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ, ಮನೆಯಲ್ಲಿ ಆಮೇಲೆ ನೋಡಲೆಂದು ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತು. ಮುದ್ರಿಸಿದ್ದನ್ನು ಮಾರಬಾರದು, ಮರುಪ್ರಸಾರ ಮಾಡಬಾರದು. ಅಷ್ಟು ವಿವೇಕ ನಮಗಿದೆ. ಕಾಯಿದೆಯೇ ಶಿಕ್ಷಕನಿಗೆ ಇಷ್ಟು ಸ್ಪಷ್ಟವಾಗಿ ಬಾಗಿಲು ತೆರೆದಿಟ್ಟಿರುವಾಗ, ಪೆಟ್ಟಿಗೆ ಮಾಡುವವನು ಅದನ್ನು ಮುಚ್ಚಲು ಯಾರು?

ಬೋಧನೆಯ ಮಾತು ಬಂದದ್ದರಿಂದ ೨೦೨೦ರ ಸಂಗತಿಯನ್ನೂ ಹೇಳಲೇಬೇಕು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಜುಲೈ ೨೦ರಿಂದ ಚಂದನದಲ್ಲಿ 'ಸಂವೇದ' ಇ-ತರಗತಿಗಳು ಆರಂಭವಾದವು. ಒಳ್ಳೆಯ ಯೋಜನೆ. ಆದರೆ ಪಾಠ ಬರುವ ಹೊತ್ತಿಗೆ ನಮ್ಮ ಕೇರಿಯ ಮಕ್ಕಳಲ್ಲಿ ಒಬ್ಬ ದನ ಕಾಯಲು ಹೋಗಿರುತ್ತಿದ್ದ, ಇನ್ನೊಬ್ಬಳು ಗದ್ದೆಯ ನಾಟಿಗೆ ತಾಯಿಯ ಜೊತೆ. ಪಾಠಗಳು ಅಂತರಜಾಲದಲ್ಲೂ ಸಿಗುತ್ತಿದ್ದವು; ಮನೆಗಿದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ತೋಟದ ಕೆಲಸಕ್ಕೆ ಹೋಗಿರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿಯ ಗಣಿತ, ವಿಜ್ಞಾನ ಪಾಠಗಳನ್ನು ದಿನವೂ ಮುದ್ರಿಸುತ್ತಾ ಹೋದೆ. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಆರು ಮಕ್ಕಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಕೂತು ನೋಡುತ್ತಿದ್ದರು. ದರ್ಪಣದ ಪಾಠದಲ್ಲಿ ಕಿರಣಗಳ ಚಿತ್ರ ಬರೆಯುವ ಭಾಗ ಅರ್ಥವಾಗದೆ ಒಬ್ಬ ಹುಡುಗ "ಅಜ್ಜಾ, ಇನ್ನೊಂದ್ ಸಲ" ಎಂದ. ನಾನು ರಿಮೋಟ್ ಒತ್ತಿ ಹಿಂದಕ್ಕೆ ಸರಿಸಿದೆ. ಮತ್ತೊಂದು ಸಲ ಎಂದ, ಮತ್ತೆ ಸರಿಸಿದೆ. ನಾಲ್ಕನೆಯ ಸಲಕ್ಕೆ ಅವನಿಗೆ ತಿಳಿಯಿತು. ನನ್ನ ಕಣ್ಣು ಏಕೆ ತುಂಬಿತೆಂದು ಆ ಮಕ್ಕಳಿಗೆ ಗೊತ್ತಿಲ್ಲ. ಮೇಲೆ ರಾಯಚೂರಿನ ಪ್ರಸಂಗ ಓದಿದ ನಿಮಗೆ ಗೊತ್ತು.

ಇಷ್ಟಾದರೂ ನಮ್ಮ ಯೋಜಕರ ಕಣ್ಣಿಗೆ ಮುದ್ರಣವೆಂಬುದು ಬೀಳುವುದೇ ಇಲ್ಲ. ೨೦೧೭ರಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಸ್ವಯಂ ಪ್ರಭಾ' ಶಿಕ್ಷಣ ವಾಹಿನಿಗಳನ್ನೇ ನೋಡಿ. ದಿನಕ್ಕೆ ಕನಿಷ್ಠ ನಾಲ್ಕು ಗಂಟೆಗಳ ಹೊಸ ಪಾಠ, ಅದನ್ನೇ ದಿನದಲ್ಲಿ ಇನ್ನೂ ಐದು ಬಾರಿ ಮರುಪ್ರಸಾರ, ವಿದ್ಯಾರ್ಥಿ ತನಗೆ ಅನುಕೂಲವಾದಾಗ ನೋಡಲಿ ಎಂದು. ಉದ್ದೇಶ ಮೆಚ್ಚತಕ್ಕದ್ದೇ. ಆದರೆ ನಾಲ್ಕು ಗಂಟೆಯ ಪಾಠಕ್ಕೆ ಉಪಗ್ರಹದ ಇಪ್ಪತ್ತನಾಲ್ಕು ಗಂಟೆ ಸವೆಸುವ ಬದಲು, ಮುದ್ರಿಸಿಕೊಳ್ಳಬಲ್ಲ ಒಂದು ಪೆಟ್ಟಿಗೆ ಪ್ರತಿ ಶಾಲೆಯಲ್ಲಿದ್ದರೆ ಉಳಿದ ಇಪ್ಪತ್ತು ಗಂಟೆಗಳಲ್ಲಿ ಬೇರೆ ಪಾಠ ಬರುತ್ತಿರಲಿಲ್ಲವೇ? ಇಂಗ್ಲೆಂಡಿನಲ್ಲಿರುವ ನನ್ನ ಶಿಷ್ಯೆಯೊಬ್ಬಳು ತಿಳಿಸಿದಂತೆ, ಅಲ್ಲಿ ಬಿಬಿಸಿ ಮತ್ತು ಐಟಿವಿ ಸೇರಿ ೨೦೦೮ರಲ್ಲಿ ಹುಟ್ಟುಹಾಕಿದ 'ಫ್ರೀಸ್ಯಾಟ್' ಎಂಬ ಚಂದಾರಹಿತ ಉಪಗ್ರಹ ಸೇವೆಗೆ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರುಗಳೂ ಬಂದವು. ಕಾರ್ಯಕ್ರಮಗಳ ವೇಳಾಪಟ್ಟಿಯಲ್ಲಿ ಹೆಸರಿನ ಮೇಲೆ ಒತ್ತಿದರೆ ಮುದ್ರಣ ತಾನಾಗಿಯೇ ಆಗುತ್ತದಂತೆ. ನನ್ನ ಪೆಟ್ಟಿಗೆಯಲ್ಲಿ ನಾನು ಪತ್ರಿಕೆ ನೋಡಿ ಗಂಟೆ ನಿಮಿಷ ಒತ್ತಬೇಕು. ಎರೆಗೊಬ್ಬರದ ಕಥೆ ಹುಟ್ಟಿದ್ದೇ ಹಾಗೆ. ಉಚಿತ ಪ್ರಸಾರಕ್ಕೆ ಬೀಗ ಹಾಕಬಾರದು, ಉಚಿತ ಪ್ರಸಾರದ ಪೆಟ್ಟಿಗೆಯಲ್ಲಿ ಬೀಗವಿಲ್ಲದ ಮುದ್ರಣ ಕಡ್ಡಾಯವಾಗಿರಬೇಕು: ಇಷ್ಟನ್ನು ನಮ್ಮ ಪ್ರಸಾರ ಭಾರತಿಯವರು ಹೇಳಿದರೆ ಸಾಕು. ಈ ಸಾಲುಗಳನ್ನೇ ಕಾಗದದ ಮೇಲೆ ಬರೆದು ದೆಹಲಿಗೆ ಕಳುಹಿಸಿದ್ದೇನೆ. ಸ್ವೀಕೃತಿ ಬಂದಿದೆ.

ಅಣ್ಣನ ಮಗನಿಗೆ ಒಂದು ಮಾತು. ಮಗೂ, ನೀನು ಕಟ್ಟಿದ ಒಂದು ವರ್ಷದ ಚಂದಾ ಹಣ ಹಿಂದೆ ಬಂದಿದ್ದರೆ ಅದರಲ್ಲಿ ಒಂದೆರಡು ಬೀಗವಿಲ್ಲದ ಪೆಟ್ಟಿಗೆಗಳನ್ನೂ ಪೆನ್ ಡ್ರೈವುಗಳನ್ನೂ ಕೊಂಡು ನಮ್ಮೂರ ಶಾಲೆಗೆ ಕೊಡು. ಆರಿಸಲು ನಾನೇ ಅಂಗಡಿಗೆ ಬರುತ್ತೇನೆ. ಜಗಳದ ಭಾಗವನ್ನು ನನಗೆ ಬಿಡು.

ಉಳಿದವರಲ್ಲಿ ಒಂದು ಬೇಡಿಕೆ. ೨೦೧೪ರ ಆ ಸೋಬಾನೆ ಕಾರ್ಯಕ್ರಮವನ್ನು ನಿಮ್ಮಲ್ಲಿ ಯಾರಾದರೂ, ನಿಮ್ಮ ನೆಂಟರಲ್ಲಿ ಯಾರಾದರೂ, ಉಚಿತ ಡಿಶ್ಶಿನ ಪೆಟ್ಟಿಗೆಯಲ್ಲೋ ಕಂಪ್ಯೂಟರಿನಲ್ಲೋ ಮುದ್ರಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ. ಹಸಿರು ಸೀರೆ ಉಟ್ಟು ನಡುವೆ ಕೂತವಳೇ ನಮ್ಮ ಅಕ್ಕ. ಪೆನ್ ಡ್ರೈವ್ ಹಿಡಿದುಕೊಂಡು ನಾನೇ ನಿಮ್ಮ ಮನೆಗೆ ಬರುತ್ತೇನೆ.